ಕಂಡರಿಯದ ಬೇರಿಂಗಿನ ಸದ್ದು

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿ. ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರಿನ ಮೋಟರ್ ಪಕ್ಕ ಮಿಸ್ತ್ರಿ ಕುಕ್ಕರುಗಾಲಲ್ಲಿ ಕೂತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬೇರಿಂಗ್ ಕೂರುವ ಲೋಹದ ಕವಚದ, ಅಂದರೆ ಹೌಸಿಂಗಿನ ಮೇಲೆ, ಮರದ ಹಿಡಿ ಕಿವಿಗೆ. ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿದರು. "ಬೇರಿಂಗ್ ಹೋಗೇತ್ರಿ ಸರ. ಒಳಗ ಕಟಕಟ ಅಂತೈತಿ" ಅಂದರು.

ಯಂತ್ರದ ಕಂಪನ ಅಳೆದು ದೋಷ ಹಿಡಿಯುವುದು ನನ್ನ ಕೆಲಸ. ನನ್ನ ಮೀಟರ್ ಬೇರೆಯದನ್ನೇ ಹೇಳುತ್ತಿತ್ತು. ಕಂಪನದ ವೇಗ ಸೆಕೆಂಡಿಗೆ 1.6 ಮಿ.ಮೀ. ನಾವು ಬಹಳ ಕಾಲ ಬಳಸಿದ ಐಎಸ್‌ಒ 10816 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ 15 ಕಿಲೋವ್ಯಾಟ್‌ವರೆಗಿನ ಸಣ್ಣ ಯಂತ್ರಕ್ಕೆ 1.8ರ ಒಳಗಿದ್ದರೆ ಚಿಂತೆಯಿಲ್ಲ, 4.5 ದಾಟಿದರೆ ಅಪಾಯ. ಆ ಲೆಕ್ಕದಲ್ಲಿ ಮೋಟರ್ ಚೆನ್ನಾಗಿಯೇ ಇತ್ತು. ಆದರೂ ಮಿಸ್ತ್ರಿ ಹೇಳಿದ್ದೇ ಸರಿ. ಯಾಕೆ ಅಂತ ಮೊದಲು ಹೇಳುತ್ತೇನೆ. ಇವತ್ತು ನಮ್ಮ ಕ್ಷೇತ್ರದ ಸಂಶೋಧನೆಯಲ್ಲಿ ನಡೆಯುತ್ತಿರುವ ದೊಡ್ಡ ಚರ್ಚೆಗೂ ಇದೇ ಬುನಾದಿ.

ಆ ಮೋಟರಿನಲ್ಲಿದ್ದದ್ದು 6205 ನಂಬರಿನ ಬೇರಿಂಗ್. ಒಳಗೆ 9 ಗುಂಡುಗಳು. ಅವು ಉರುಳುವುದು ಒಂದರೊಳಗೊಂದು ಕೂತ ಎರಡು ಲೋಹದ ಬಳೆಗಳ ನಡುವೆ. ಆ ಬಳೆಗಳಿಗೆ ರೇಸು ಅನ್ನುತ್ತಾರೆ. ಶಾಫ್ಟ್ ನಿಮಿಷಕ್ಕೆ 1,440 ಸುತ್ತು, ಅಂದರೆ ಸೆಕೆಂಡಿಗೆ 24. ಹೊರಗಿನ ರೇಸಿನಲ್ಲಿ ಒಂದು ಕಡೆ ಲೋಹ ಚಕ್ಕೆಯೆದ್ದಿದೆ ಅಂತಿಟ್ಟುಕೊಳ್ಳಿ. ಗುಂಡು ಹಾದಾಗಲೆಲ್ಲ ಅಲ್ಲೊಂದು ಸಣ್ಣ ಪೆಟ್ಟು. ಸೆಕೆಂಡಿಗೆ ಎಷ್ಟು ಪೆಟ್ಟು? ನಮ್ಮಲ್ಲಿ ಎಲ್ಲರೂ ಬಾಯಲ್ಲೇ ಹಾಕುವ ಅಂದಾಜು ಲೆಕ್ಕ ಒಂದಿದೆ: ಗುಂಡಿನ ಸಂಖ್ಯೆಯನ್ನು ಶಾಫ್ಟಿನ ಸುತ್ತಿನಿಂದ ಗುಣಿಸಿ. ಹೊರ ರೇಸಾದರೆ ಅದರ 0.4 ಪಾಲು, ಒಳ ರೇಸಾದರೆ 0.6 ಪಾಲು. ಇಲ್ಲಿ ಹೊರ ರೇಸಿಗೆ 86ರ ಆಸುಪಾಸು, ಒಳ ರೇಸಿಗೆ 130.

ಸರಿ, ಹಾಗಾದರೆ ಕಂಪನದ ಸ್ಪೆಕ್ಟ್ರಮ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲದ ನಡುಕ ಎಷ್ಟಿದೆ ಅಂತ ತೋರಿಸುವ ನಕ್ಷೆ) 86 ಹರ್ಟ್ಜ್ ಹತ್ತಿರ ನೋಡಿದರೆ ಆಯ್ತಲ್ವಾ? ಅಲ್ಲಿ ಹೆಚ್ಚಾಗಿ ಏನೂ ಕಾಣುವುದಿಲ್ಲ. ಜಾಗಟೆಯನ್ನು ನೆನಪಿಸಿಕೊಳ್ಳಿ. ಮಂಗಳಾರತಿ ಹೊತ್ತಿಗೆ ಸೆಕೆಂಡಿಗೆ ಮೂರು ಸಲ ಬಡಿದರೂ ಕಿವಿಗೆ ಬೀಳುವ ಸ್ವರ ಜಾಗಟೆಯದೇ. ಅದು ಸೆಕೆಂಡಿಗೆ ನೂರಾರು ಸಲ ನಡುಗುತ್ತಿರುತ್ತದೆ. ಬಡಿತದ ಲೆಕ್ಕ ಇರುವುದು ಆ ಸ್ವರ ಏರಿ ಇಳಿಯುವುದರಲ್ಲಿ. ಬೇರಿಂಗೂ ಹಾಗೇ. ಪೆಟ್ಟು ಬಿದ್ದಾಗ ನಡುಗುವುದು ಹೌಸಿಂಗಿನ ಲೋಹ, ಅದೂ ಸಾವಿರಾರು ಹರ್ಟ್ಜ್‌ನಲ್ಲಿ. ಸುತ್ತಿನ ಅಸಮತೋಲ, ಬೆಲ್ಟಿನ ಎಳೆತ, ಅಡಿಪಾಯದ ಅಲುಗಾಟ ಎಲ್ಲ ಕೆಳಗಿನ ಆವರ್ತನದಲ್ಲಿ ಗದ್ದಲ ಮಾಡುತ್ತಿರುತ್ತವೆ. ನನ್ನ ಮೀಟರಿನ 1.6 ಅನ್ನುವ ಅಂಕಿ ಆ ಗದ್ದಲದ್ದು. ಮಿಸ್ತ್ರಿಯ ಕಿವಿ ಮೇಲಿನ ನಡುಕವನ್ನು ಹೆಕ್ಕಿ, ಅದರ ಏರಿಳಿತವನ್ನು ಕೇಳಿತು. ಇದನ್ನೇ ಉಪಕರಣದಲ್ಲಿ ಮಾಡಿದರೆ ಎನ್ವಲಪ್ ವಿಶ್ಲೇಷಣೆ ಅನ್ನುತ್ತೇವೆ. 1970ರ ದಶಕದಿಂದಲೂ ಇದೆ. ಇವತ್ತಿಗೂ ನನ್ನ ದಿನದ ಅನ್ನ ಅದೇ.

ಹೌಸಿಂಗ್ ಮೇಲಿನ ಬಣ್ಣ ಕೆರೆದು, ಸಂವೇದಕವನ್ನು ಮ್ಯಾಗ್ನೆಟ್‌ನಿಂದ ಕೂರಿಸಿ ಮತ್ತೆ ಅಳೆದೆ. ಬಣ್ಣ ಕೆರೆಯುವುದು ಸಣ್ಣ ಕೆಲಸ ಅಂತ ಬಿಟ್ಟುಬಿಡಬೇಡಿ. ದಪ್ಪ ಬಣ್ಣ, ಗ್ರೀಸು, ಭತ್ತದ ದೂಳು ಸೇರಿದರೆ ಮೇಲಿನ ಆವರ್ತನ ಸಂವೇದಕಕ್ಕೆ ಮುಟ್ಟುವುದೇ ಇಲ್ಲ. ಕೈಯಲ್ಲಿ ಒತ್ತಿ ಹಿಡಿದ ಪ್ರೋಬಿನದೂ ಇದೇ ಕತೆ. ಎನ್ವಲಪ್ ಸ್ಪೆಕ್ಟ್ರಮ್‌ನಲ್ಲಿ 85 ದಾಟಿದ ಕೂಡಲೇ ಒಂದು ಗೆರೆ ಎದ್ದು ನಿಂತಿತ್ತು. ಅದರ ಎರಡರಷ್ಟು, ಮೂರರಷ್ಟರಲ್ಲೂ ಗೆರೆ. ಸರಿಯಾಗಿ 86ಕ್ಕೆ ಕೂರದಿರಲು ಕಾರಣ ಗುಂಡುಗಳು ಉರುಳುತ್ತಾ ಕೊಂಚ ಜಾರುವುದು. ಹಾಗಾಗಿ ಪೆಟ್ಟುಗಳು ಗಡಿಯಾರದಷ್ಟು ಕರಾರುವಾಕ್ಕಾಗಿ ಬೀಳುವುದಿಲ್ಲ. ಈ ಜಾರಿಕೆಯೇ ದೊಡ್ಡ ಸುಳಿವು. ಗೇರಿನ ಹಲ್ಲಿನ ಸದ್ದು ಶಾಫ್ಟಿಗೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಬೇರಿಂಗಿನದು ಸ್ವಲ್ಪ ಸಡಿಲ. ಎರಡನ್ನೂ ಬೇರೆ ಮಾಡುವ ಒಳ್ಳೆಯ ವಿಧಾನಗಳು ಈ ವ್ಯತ್ಯಾಸದ ಮೇಲೇ ನಿಂತಿವೆ.

ಬೇರಿಂಗ್ ಬಿಚ್ಚಿ, ಹೊರ ರೇಸನ್ನು ಸೀಳಿ ನೋಡಿದೆವು. ರಾಗಿ ಕಾಳಿನಷ್ಟು ಲೋಹ ಎದ್ದಿತ್ತು. ಹೊರ ರೇಸು ತಿರುಗುವುದಿಲ್ಲ, ಆದ್ದರಿಂದ ಭಾರ ಎಲ್ಲಿ ಬೀಳುತ್ತೋ ಅಲ್ಲೇ ಸವೆಯುತ್ತದೆ. ಗಾಯ ಇದ್ದದ್ದು ಸರಿಯಾಗಿ ಬೆಲ್ಟ್ ಎಳೆಯುವ ದಿಕ್ಕಿನಲ್ಲಿ. ಬೆಲ್ಟ್ ಜಾರುತ್ತದೆ ಅಂತ ಯಾರೋ ಅದನ್ನು ಅತಿಯಾಗಿ ಬಿಗಿ ಮಾಡಿದ್ದರು. ಬರೀ ಬೇರಿಂಗ್ ಬದಲಿಸಿ ಬಂದಿದ್ದರೆ ಹೊಸದೂ ಅದೇ ಜಾಗದಲ್ಲಿ ಹೋಗುತ್ತಿತ್ತು.

ಎನ್ವಲಪ್ ವಿಧಾನದಲ್ಲಿ ಒಂದು ತೊಡಕಿದೆ. ಎಷ್ಟರಿಂದ ಎಷ್ಟು ಹರ್ಟ್ಜ್ ತನಕದ ಪಟ್ಟಿಯನ್ನು ಹೆಕ್ಕಬೇಕು? ಪ್ರತಿ ಹೌಸಿಂಗಿನ ನಡುಕ ಬೇರೆ. ಮೊದಲೆಲ್ಲ ಅನುಭವದ ಮೇಲೆ ಅಂದಾಜು ಮಾಡುತ್ತಿದ್ದೆವು. 2006-07ರಲ್ಲಿ ಫ್ರಾನ್ಸಿನ ಜೆರೋಮ್ ಆಂಟೋನಿ ಸ್ಪೆಕ್ಟ್ರಲ್ ಕರ್ಟೋಸಿಸ್ ಅನ್ನುವ ಅಳತೆಯನ್ನು ಗಟ್ಟಿ ಮಾಡಿ, ಕರ್ಟೋಗ್ರಾಮ್ ಅನ್ನುವ ವೇಗದ ಸಾಧನ ಕೊಟ್ಟರು. ಯಾವ ಪಟ್ಟಿಯಲ್ಲಿ ಮೊನಚು ಪೆಟ್ಟುಗಳು ಜಾಸ್ತಿ ಇವೆಯೋ ಅದನ್ನು ಅದು ತಾನೇ ತೋರಿಸುತ್ತದೆ. ನನ್ನಂಥವರಿಗೆ ಅದು ವರ. ಆದರೆ ಗಿರಣಿಯಲ್ಲಿ ಅದೂ ಮೋಸಹೋಗುತ್ತದೆ. ಭತ್ತದ ಜೊತೆ ಬಂದ ಒಂದು ಕಲ್ಲು ಎಲಿವೇಟರಿನ ಬಕೆಟ್‌ಗೆ ಟಣ್ ಅಂತ ಹೊಡೆದರೆ ಸಾಕು, ಆ ಒಂದೇ ಪೆಟ್ಟಿಗೆ ಕರ್ಟೋಗ್ರಾಮ್ ಆ ಕಡೆ ತಿರುಗುತ್ತದೆ. ಪೆಟ್ಟು ಮೊನಚಾಗಿದ್ದರೆ ಸಾಲದು, ಮರಳಿ ಮರಳಿ ಬರುತ್ತಲೂ ಇರಬೇಕು. ಆ ಎರಡನ್ನೂ ಒಟ್ಟಿಗೆ ಅಳೆಯುವ ಇನ್ಫೋಗ್ರಾಮ್ ಅನ್ನು 2016ರಲ್ಲಿ ಆಂಟೋನಿಯವರೇ ಮುಂದಿಟ್ಟರು.

ಇನ್ನು ಕಂಪ್ಯೂಟರಿಗೆ ಕಲಿಸಿ ದೋಷ ಹಿಡಿಸುವ ಸಂಶೋಧನೆ. ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಕ್ಷೇತ್ರದ ಪತ್ರಿಕೆಗಳನ್ನು ತುಂಬಿರುವುದು ಇದೇ. ಲೇಖನದ ಮೇಲೆ ಲೇಖನದಲ್ಲಿ ನಿಖರತೆ 99 ಪರ್ಸೆಂಟ್, ಕೆಲವೊಮ್ಮೆ ಪೂರ್ತಿ 100. ಓದಿದ ಫ್ಯಾಕ್ಟರಿ ಮಾಲೀಕರು ಫೋನ್ ಮಾಡುತ್ತಾರೆ: "ಸರ್, ಒಂದು ಸೆನ್ಸರ್ ಹಾಕಿದ್ರೆ ಎಲ್ಲಾ ಅದೇ ಹೇಳುತ್ತಂತೆ?" ಅವರಿಗೆ ಸುಮ್ನೆ ಹೂಂ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಲೇಖನಗಳಲ್ಲಿ ಬಹುಪಾಲು ಪರೀಕ್ಷೆ ಮಾಡಿರುವುದು ಅಮೆರಿಕದ ಓಹಾಯೋ ರಾಜ್ಯದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಎಲ್ಲರಿಗೂ ಮುಕ್ತವಾಗಿ ಕೊಟ್ಟ ದತ್ತಾಂಶದ ಮೇಲೆ. ಅಲ್ಲಿಯದು 2 ಅಶ್ವಶಕ್ತಿಯ ಮೋಟರ್. ಅದರ ಡ್ರೈವ್ ಬದಿಯ ಬೇರಿಂಗ್ ಯಾವುದು ಗೊತ್ತಾ? ಅದೂ 6205. ನಮ್ಮ ಗಿರಣಿಯದೇ ನಂಬರ್. ಆದರೆ ಅಲ್ಲಿ ಗಾಯ ತಾನಾಗಿ ಆದದ್ದಲ್ಲ. ವಿದ್ಯುತ್ ಕಿಡಿಯಿಂದ 0.007 ಇಂಚು, ಅಂದರೆ ಸುಮಾರು 0.18 ಮಿ.ಮೀ. ಅಗಲದ ಅಚ್ಚುಕಟ್ಟಾದ ಗುಳಿ ಕೊರೆದಿದ್ದಾರೆ. ಮುಂದೆ 0.014, 0.021 ಇಂಚು ಹೀಗೆ. ಬೇರಿಂಗುಗಳನ್ನು ನಾಲ್ಕು ಹೊರೆಗಳಲ್ಲಿ ಓಡಿಸಿ ಕಂಪನ ದಾಖಲಿಸಿದ್ದಾರೆ.

ಎಡವಟ್ಟು ಆಗುವುದು ಇಲ್ಲಿಂದ ಮುಂದೆ. ಸಂಶೋಧಕರು ಒಂದೊಂದು ದಾಖಲೆಯನ್ನೂ ನೂರಾರು ತುಣುಕು ಮಾಡಿ, ಕೆಲವನ್ನು ಕಲಿಸಲು, ಉಳಿದದ್ದನ್ನು ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆ. ಅಂದರೆ ಪರೀಕ್ಷೆಯಲ್ಲಿ ಬರುವುದೂ ಕಲಿತ ಅದೇ ಬೇರಿಂಗು, ಅದೇ ಗುಳಿ, ಅದೇ ಬೋಲ್ಟಿನ ಬಿಗಿ. ಒಂದು ಹೊರೆಯಲ್ಲಿ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದರೂ ಬೇರಿಂಗು ಹಳೆಯದೇ. ಕಂಪ್ಯೂಟರ್ ಇಲ್ಲಿ ದೋಷವನ್ನು ಕಲಿತಿತೋ, ಆ ಒಂದು ಬೇರಿಂಗಿನ ಗುರುತು ಕಲಿತಿತೋ ಹೇಳಲು ಬರುವುದಿಲ್ಲ. ಆಸ್ಟ್ರೇಲಿಯಾದ ವೇಡ್ ಸ್ಮಿತ್ ಮತ್ತು ರಾಬರ್ಟ್ ರ‍್ಯಾಂಡಾಲ್ 2015ರಲ್ಲಿ ಈ ದತ್ತಾಂಶವನ್ನು ಒಂದೊಂದಾಗಿ ಕೂತು ಪರಿಶೀಲಿಸಿದರು. ಕೆಲವು ದಾಖಲೆ ಹಳೆಯ ಎನ್ವಲಪ್ ವಿಧಾನಕ್ಕೇ ಸುಲಭವಾಗಿ ಸಿಗುತ್ತವೆ. ಇನ್ನು ಕೆಲವದರಲ್ಲಿ ಸಡಿಲಿಕೆಯ ಗುರುತುಗಳಿವೆ, ದೋಷದ ಸಹಜ ಗುರುತೇ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಹಾಕಿ ನೂರಕ್ಕೆ ನೂರು ಬಂತು ಅಂದರೆ ಖುಷಿಪಡುವ ಮೊದಲು ಅನುಮಾನಪಡಬೇಕು.

ಜರ್ಮನಿಯ ಪಾಡರ್‌ಬೋರ್ನ್ ವಿಶ್ವವಿದ್ಯಾಲಯದವರು ಇದಕ್ಕಿಂತ ಮುಂದೆ ಹೋದರು. 2016ರಲ್ಲಿ ಅವರು ವಿವರಿಸಿದ ದತ್ತಾಂಶದಲ್ಲಿ 6203 ಮಾದರಿಯ 32 ಬೇರಿಂಗುಗಳಿವೆ. 6 ಚೆನ್ನಾಗಿರುವವು, 12 ಕೈಯಿಂದ ಕೆಡಿಸಿದವು, 14 ಹೆಚ್ಚು ಹೊರೆಯಲ್ಲಿ ಓಡಿಸಿ ತಾವಾಗಿ ಸವೆಯುವಂತೆ ಮಾಡಿದವು. ಕೈಯಿಂದ ಕೆಡಿಸಿದ್ದರಲ್ಲಿ ಕಲಿತದ್ದನ್ನು ನಿಜವಾಗಿ ಸವೆದದ್ದರ ಮೇಲೆ ಪರೀಕ್ಷಿಸಿದಾಗ ನಿಖರತೆ ಸಾಕಷ್ಟು ಇಳಿಯುತ್ತದೆ. ನನಗೆ ಆ ಇಳಿದ ಅಂಕಿಯ ಮೇಲೆಯೇ ಗೌರವ. ಗಿರಣಿಯಲ್ಲಿ ನಾನು ಎದುರಿಸುವುದು ಅದನ್ನೇ.

ಹಾಗಂತ ಈ ದಾರಿ ಬೇಡ ಅನ್ನುವವನಲ್ಲ ನಾನು. ಒಬ್ಬ ಮಿಸ್ತ್ರಿ ಇನ್ನೂರು ಮೋಟರಿಗೆ ದಿನಾ ಸ್ಕ್ರೂಡ್ರೈವರ್ ಇಡಲಾರ. ಈಗ ನನಗೆ ಭರವಸೆ ಹುಟ್ಟಿಸುತ್ತಿರುವುದು ಯಂತ್ರದ ಲೆಕ್ಕವನ್ನೂ ಕಲಿಕೆಯೊಳಗೆ ಸೇರಿಸುತ್ತಿರುವ ಕೆಲಸಗಳು. ಕಚ್ಚಾ ಕಂಪನವನ್ನು ಸುರಿದು ನೀನೇ ಕಲಿ ಅನ್ನುವ ಬದಲು, ಎನ್ವಲಪ್ ತೆಗೆದು, ಹರ್ಟ್ಜ್ ಬಿಟ್ಟು ಶಾಫ್ಟಿನ ಸುತ್ತಿನ ಲೆಕ್ಕಕ್ಕೆ ತಂದು ಕೊಡುತ್ತಾರೆ. ಆಗ ಅಮೆರಿಕದ 60 ಹರ್ಟ್ಜ್ ವಿದ್ಯುತ್ತಿನಲ್ಲಿ ಸುಮಾರು 1,750 ಸುತ್ತು ಓಡಿದ 6205ಕ್ಕೂ ನಮ್ಮ 1,440 ಸುತ್ತಿನದಕ್ಕೂ ಹೊರ ರೇಸಿನ ಗೆರೆ ಒಂದೇ ಜಾಗದಲ್ಲಿ, ಶಾಫ್ಟಿನ ಸುತ್ತಿನ 3.58 ಪಟ್ಟು. ಅಷ್ಟು ಮಾಡಿದರೆ ಕಂಡರಿಯದ ಬೇರಿಂಗಿನ ಸದ್ದೂ ಅದಕ್ಕೆ ಪೂರ್ತಿ ಹೊಸದಲ್ಲ. ಇಂಥ ಕೆಲಸ ಮಾಡುವ ವಿದ್ಯಾರ್ಥಿಗಳು ಸಲಹೆ ಕೇಳಿ ಬಂದಾಗ ನಾನು ಮೊದಲು ಕೇಳುವುದು ಒಂದೇ: ಪರೀಕ್ಷೆಗೆ ಇಟ್ಟ ಬೇರಿಂಗನ್ನು ನಿನ್ನ ಪ್ರೋಗ್ರಾಂ ಮೊದಲು ಒಮ್ಮೆಯಾದರೂ ಕೇಳಿತ್ತಾ?

ಅವರಿಗೆ ಕೊರತೆ ಇರುವುದು ಕಂಪ್ಯೂಟರಿನದಲ್ಲ. ತಾನಾಗಿ ಸವೆದ, ಯಾವಾಗ ಹೇಗೆ ಸವೆಯಿತು ಅಂತ ಗೊತ್ತಿರುವ ಬೇರಿಂಗುಗಳದ್ದು. ಅವು ನಮ್ಮ ಗಿರಣಿ, ಜಿನ್ನಿಂಗ್ ಫ್ಯಾಕ್ಟರಿ, ಪೀಣ್ಯದ ಶೆಡ್ಡುಗಳಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಗಂಗಾವತಿಯ ಆ ಮಿಸ್ತ್ರಿಗೆ ಇದನ್ನು ಹೇಳಿ ಬಂದಿದ್ದೆ. ಬಿಚ್ಚುವ ಮೊದಲು ಫೋನಿನಲ್ಲಾದರೂ ಸದ್ದು ಹಿಡಿಯಿರಿ, ಬೇರಿಂಗಿಗೆ ಒಂದು ಚೀಟಿ ಕಟ್ಟಿ ಅಂತ. ಎಂಟು ತಿಂಗಳ ಮೇಲೆ ಹೋದಾಗ ಎಣ್ಣೆಯ ಹಳೆಯ ತಗಡಿನ ಡಬ್ಬಿ ತಂದು ಮುಂದಿಟ್ಟರು. ಒಳಗೆ ಗ್ರೀಸು ಒರೆಸಿದ ಏಳು ಬೇರಿಂಗು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೂರು, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಮೋಟರಿನ ಜಾಗ, ಬಿಚ್ಚಿದ ತಾರೀಕು, ಬೆಲ್ಟ್ ಎಳೆಯುವ ಕಡೆಗೆ ಒಂದು ಬಾಣದ ಗುರುತು.