ರಸ್ತೆಯ ಹೊಟ್ಟೆ ಬಗೆದು ನೋಡಿದ ಲೆಕ್ಕ

ಹೊಸದಾಗಿ ಹಾಕಿದ ರಸ್ತೆಯನ್ನು ಅಗೆಯುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ನೀರಿನ ಪೈಪಿಗೆ, ಕೇಬಲ್ಲಿಗೆ, ಕೆಲವೊಮ್ಮೆ ಯಾಕೆಂದು ಅಗೆಯುವವರಿಗೂ ತಿಳಿಯದೆ. ಆದರೆ ಒಳಗೆ ನಿಜಕ್ಕೂ ಎಷ್ಟು ಕಲ್ಲು ಹಾಕಿದ್ದಾರೆ ಎಂದು ನೋಡಲೆಂದೇ ಅಗೆದವರು ಅಪರೂಪ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ ಎಂಜಿನಿಯರುಗಳ ತಂಡವೊಂದು ಊರಿಂದೂರಿಗೆ ಹೋಗಿ ಇದೇ ಕೆಲಸ ಮಾಡಿತು.

1998ರಲ್ಲಿ ಆ ದೇಶದ ಅಧ್ಯಕ್ಷ ಸುಹಾರ್ತೊ ಅಧಿಕಾರ ಬಿಟ್ಟಿಳಿದ ಕಾಲಕ್ಕೆ ಅಲ್ಲಿ ಒಂದು ಗ್ರಾಮೀಣ ಅಭಿವೃದ್ಧಿ ಯೋಜನೆ ಶುರುವಾಯಿತು. ಹಣ ವಿಶ್ವಬ್ಯಾಂಕಿನ ಸಾಲದ್ದು. ಏನು ಕಟ್ಟಬೇಕು ಎಂದು ಹೇಳುವವರು ಊರಿನವರು. ಬಹಳಷ್ಟು ಊರುಗಳು ರಸ್ತೆ ಕೇಳಿದವು: ಕೆಳಗೆ ಮರಳು, ಅದರ ಮೇಲೆ ದಪ್ಪ ಕಲ್ಲು, ಮೇಲೊಂದು ಪದರ ಜಲ್ಲಿ. ಅಮೆರಿಕದ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ ಹೀಗೆ ರಸ್ತೆ ಹಾಕಲು ಹೊರಟಿದ್ದ 608 ಹಳ್ಳಿಗಳನ್ನು ಆರಿಸಿಕೊಂಡರು. ಅವರು ತಿಳಿಯಬಯಸಿದ್ದು ಇಷ್ಟೇ: ಊರಿಗೆ ಬಂದ ದುಡ್ಡಿನಲ್ಲಿ ರಸ್ತೆಗೆ ಬಿದ್ದದ್ದೆಷ್ಟು, ಬೀಳದಂತೆ ಮಾಯವಾದದ್ದೆಷ್ಟು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಕಡತ ನೋಡಿ ಉತ್ತರಿಸುತ್ತಾರೆ, ಕಡತದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಓಲ್ಕೆನ್ ಅವರ ತಂಡ ಕಡತವನ್ನು ಒಂದು ಕೈಯಲ್ಲಿ, ಗುದ್ದಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಿತು. ರಸ್ತೆಯ ಉದ್ದಕ್ಕೂ ಅಲ್ಲಲ್ಲಿ ಗುಂಡಿ ತೋಡಿ ಮರಳು, ಕಲ್ಲು, ಜಲ್ಲಿ ಎಷ್ಟೆಷ್ಟಿದೆ ಎಂದು ಅಳೆದರು. ಸುತ್ತಲಿನ ಮಾರಾಟಗಾರರಲ್ಲಿ ನಿಜವಾದ ದರ ಕೇಳಿದರು. ಕೆಲಸ ಮಾಡಿದವರಲ್ಲಿ ಕೂಲಿ ಎಷ್ಟು ಸಿಕ್ಕಿತೆಂದು ವಿಚಾರಿಸಿದರು. ಇವನ್ನೆಲ್ಲ ಕೂಡಿಸಿ ಊರಿನವರು ಕೊಟ್ಟ ಖರ್ಚಿನ ಪಟ್ಟಿಯ ಪಕ್ಕಕ್ಕಿಟ್ಟರು.

ಇಲ್ಲೊಂದು ತೊಡಕಿತ್ತು. ಭತ್ತವನ್ನು ಗಿರಣಿಗೆ ಕೊಟ್ಟರೆ ಅಷ್ಟೇ ತೂಕದ ಅಕ್ಕಿ ಮರಳಿ ಬರುವುದಿಲ್ಲ. ತೌಡು, ಹೊಟ್ಟು ಹೋಗಬೇಕಲ್ಲ. ಗಿರಣಿಯವನನ್ನು ಕಳ್ಳ ಎನ್ನುವ ಮುನ್ನ ಹೊಟ್ಟು ಎಷ್ಟು ಹೋಗುತ್ತದೆ ಎಂದು ಗೊತ್ತಿರಬೇಕು. ರಸ್ತೆಯೂ ಹಾಗೆಯೇ. ಮರಳು ಮಣ್ಣಿನೊಳಗೆ ಇಳಿಯುತ್ತದೆ, ಒಂದಿಷ್ಟು ಸಾಗಾಟದಲ್ಲೇ ಚೆಲ್ಲಿಹೋಗುತ್ತದೆ. ಅದಕ್ಕಾಗಿ ತಂಡ ತಾನೇ ಕೆಲವು ಪುಟ್ಟ ರಸ್ತೆಗಳನ್ನು ಒಂದು ಬುಟ್ಟಿಯೂ ಕಳುವಾಗದಂತೆ ಹಾಕಿಸಿ, ಬಳಿಕ ಅದೇ ರೀತಿ ಅಗೆದು, ಪ್ರಾಮಾಣಿಕ ಕೆಲಸದಲ್ಲೂ ಎಷ್ಟು ಕಳೆಯುತ್ತದೆ ಎಂದು ಲೆಕ್ಕ ಹಾಕಿತು. ಇಡೀ ಅಧ್ಯಯನದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಈ ಹೊಟ್ಟಿನ ಲೆಕ್ಕ. ಅದನ್ನು ಬಿಟ್ಟುಕೊಟ್ಟ ಮೇಲೂ ಖರ್ಚಿನ ಸುಮಾರು ಕಾಲು ಭಾಗಕ್ಕೆ ರಸ್ತೆಯಲ್ಲಿ ಗುರುತಿರಲಿಲ್ಲ.

ಸೋರಿಕೆ ತಡೆಯುವ ಎರಡು ದಾರಿಗಳನ್ನು ಚೀಟಿ ಎತ್ತಿದಂತೆ ಬೇರೆಬೇರೆ ಊರುಗಳಿಗೆ ಹಂಚಿದ್ದರು. ಮೊದಲನೆಯದು ಮೇಲಿನಿಂದ ಬರುವುದು. ಸರ್ಕಾರಿ ಲೆಕ್ಕಪರಿಶೋಧಕರು ಒಂದು ಊರಿಗೆ ಬರುವ ಸಾಧ್ಯತೆ ನೂರಕ್ಕೆ 4 ಇತ್ತು. ಕೆಲವು ಊರುಗಳಿಗೆ, ಕಾಮಗಾರಿ ಆರಂಭವಾಗುವ ಮೊದಲೇ, ನಿಮ್ಮಲ್ಲಿಗೆ ಖಂಡಿತ ಬರುತ್ತೇವೆ ಎಂದು ತಿಳಿಸಿದರು. ಎರಡನೆಯದು ಊರಿನವರದೇ ಕಣ್ಣು. ಕಂತು ಬಿಡುಗಡೆಗೆ ಮುನ್ನ ಲೆಕ್ಕ ಒಪ್ಪಿಸುವ ಸಭೆಗೆ ನೂರಾರು ಮನೆಗಳಿಗೆ ಆಹ್ವಾನ ಪತ್ರ ಕಳುಹಿಸಿದರು. ಕೆಲವು ಊರುಗಳಲ್ಲಿ ಅದರ ಜೊತೆಗೆ ಹೆಸರು ಬರೆಯದೆ ದೂರು ಹೇಳುವ ಹಾಳೆಯೂ ಇತ್ತು.

ಲೆಕ್ಕಪರಿಶೋಧಕರು ಬರುತ್ತಾರೆಂಬ ಸುದ್ದಿಗೆ ಸೋರಿಕೆ ಸುಮಾರು 8 ಶೇಕಡಾ ಅಂಶ ಇಳಿಯಿತು. ನೂರು ರೂಪಾಯಿಯಲ್ಲಿ ಇನ್ನೆಂಟು ರಸ್ತೆಗೇ ಬಿದ್ದಂತೆ. ಆಹ್ವಾನ ಪತ್ರದಿಂದ ಸಭೆಗೆ ಜನ ಹೆಚ್ಚು ಬಂದರು, ಬಾಯಿಬಿಟ್ಟು ಮಾತಾಡಿದರು ಕೂಡ. ಸರಾಸರಿ ಸೋರಿಕೆ ಮಾತ್ರ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ.

ಜನರ ಸಭೆಯನ್ನು ನಂಬುವ ನನ್ನಂಥವರಿಗೆ ಇದು ಕಹಿ ಗುಳಿಗೆ. ಆದರೆ ಒಳವಿವರ ನೋಡಿದರೆ ಕಾರಣ ತಿಳಿಯುತ್ತದೆ. ಸಭೆಯಿಂದ ಕೂಲಿ ಹಣದ ಕಳವು ಕಡಿಮೆಯಾಗಿತ್ತು, ಸಾಮಗ್ರಿಯದು ಆಗಿರಲಿಲ್ಲ. ಖರ್ಚಿನ ದೊಡ್ಡ ಪಾಲು ಇದ್ದದ್ದು ಸಾಮಗ್ರಿಯಲ್ಲೇ. ಎಷ್ಟು ದಿನ ದುಡಿದೆ, ಕೈಗೆಷ್ಟು ಬಂತು ಎಂಬುದನ್ನು ದುಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಕಡಿಮೆಯಾದರೆ ಅವನಿಗೇ ನಷ್ಟ, ಎದ್ದು ನಿಂತು ಕೇಳುತ್ತಾನೆ. ನಮ್ಮ ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದಾಗ ಅದರ 17ನೇ ಕಲಂ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತ್ತು. ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರೆ, ಕೆಲಸಕ್ಕೇ ಬಾರದವನ ಹೆಸರು ಬಂದಾಗ ಅಲ್ಲಿ ಕೂತವರಿಗೆ ತಿಳಿಯುವುದೂ ಹೀಗೆಯೇ.

ಕಲ್ಲಿನ ಕತೆ ಬೇರೆ. ಒಂದು ಲೋಡ್ ಜಲ್ಲಿಗೆ ಎಷ್ಟು ಬೆಲೆ ಎಂದು ಹಳ್ಳಿಯವರಿಗೆ ಗೊತ್ತು. ಆದರೆ ರಸ್ತೆಗೆ ಬಿದ್ದದ್ದು ಎಂಬತ್ತು ಲೋಡೋ ನೂರು ಲೋಡೋ, ಯಾರು ಎಣಿಸುತ್ತಾ ಕೂತಿದ್ದರು? ಅದೇ ಊರುಗಳ ಬಗ್ಗೆ ಓಲ್ಕೆನ್ 2009ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದನ್ನೇ ತೋರಿಸಿತು. ಏರಿಸಿದ ಬೆಲೆಯನ್ನು ಊರಿನವರು ಪತ್ತೆಹಚ್ಚುತ್ತಿದ್ದರು, ಏರಿಸಿದ ಪ್ರಮಾಣವನ್ನು ಪತ್ತೆಹಚ್ಚಲಾಗುತ್ತಿರಲಿಲ್ಲ. ಲೆಕ್ಕ ಬರೆಯುವವರಿಗೂ ಇದು ಚೆನ್ನಾಗಿ ತಿಳಿದಿದ್ದಂತಿದೆ: ಬೆಲೆಯನ್ನು ಹೆಚ್ಚುಕಡಿಮೆ ಹಾಗೆಯೇ ಬಿಟ್ಟು ಲೋಡುಗಳನ್ನು ಹೆಚ್ಚಿಸಿ ಬರೆದಿದ್ದರು.

ದೂರಿನ ಹಾಳೆಯ ಫಲ ಇನ್ನೂ ಸ್ವಾರಸ್ಯಕರ. ಓಣಿಯ ಮುಖಂಡರ ಕೈಯಲ್ಲಿ ಹಂಚಿಸಿದ ಕಡೆ ಅದರಿಂದ ಉಪಯೋಗವಾಗಲಿಲ್ಲ. ಶಾಲೆಯ ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳುಹಿಸಿದ ಕಡೆ ಸೋರಿಕೆ ಇಳಿಯಿತು. ಹಾಳೆ ಅದೇ, ತಂದುಕೊಟ್ಟವರು ಬೇರೆ.

ಪರಿಶೋಧನೆಯ ಭಯ ಕೂಡ ಎಲ್ಲವನ್ನೂ ತೊಳೆದುಹಾಕಲಿಲ್ಲ. ಖಂಡಿತ ಬರುತ್ತಾರೆಂದು ತಿಳಿದ ಊರುಗಳಲ್ಲಿ, ಯೋಜನೆಯ ಉಸ್ತುವಾರಿ ವಹಿಸಿದ್ದವರ ನೆಂಟರಿಷ್ಟರು ಕಾಮಗಾರಿಯ ಕೆಲಸಕ್ಕೆ ಸೇರುವುದು ಹೆಚ್ಚಾಯಿತು. ಜೇಬಿಗಿಳಿಸುವ ದಾರಿ ಕಿರಿದಾದಾಗ ಮನೆಯವರಿಗೆ ನಾಲ್ಕು ದಿನದ ಕೂಲಿಯಾದರೂ ಸಿಗಲಿ ಎಂದುಕೊಂಡಿರಬೇಕು. ಪರಿಶೋಧಕರು ಬಂದು ನೋಡಿದರೆ ಅಳಿಯನ ಹೆಸರು ಹಾಜರಿಯಲ್ಲಿರುತ್ತದೆ, ಅವನು ಹೊತ್ತ ಕಲ್ಲು ರಸ್ತೆಯಲ್ಲೇ ಇರುತ್ತದೆ.