ಒಂದು ಕರೆ, ಎರಡು ದೀಪ

ಮಾರ್ಚ್ ಬಂತೆಂದರೆ ವಿಜಯಪುರದ ಕೋಲ್ಡ್ ಸ್ಟೋರೇಜ್‌ಗಳಿಗೆ ಒಣದ್ರಾಕ್ಷಿ ಬಂದು ಬೀಳುತ್ತದೆ, ಆಫೀಸಿನ ಫೋನಿಗೆ ಬಿಡುವಿರುವುದಿಲ್ಲ. ಅಂಥ ದಿನಗಳಲ್ಲೇ ಒಬ್ಬ ಮಾಲೀಕರು ನನ್ನನ್ನು ಕರೆಸಿದರು. "ಹದಿನೈದ್ ದಿನಾ ಆತ್ರೀ, ಒಂದ್ ಫೋನ್ ಬಂದಿಲ್ಲ. ಲೈನ್ ಡೆಡ್ ಆಗೇದೇನ್ ನೋಡ್ರಿ."

ರಿಸೀವರ್ ಎತ್ತಿದೆ, ಡಯಲ್ ಟೋನ್ ಸರಿಯಾಗೇ ಇತ್ತು. ಹೊರಗಿನ ಲೈನುಗಳನ್ನು ಆಫೀಸಿನ ಫೋನುಗಳಿಗೆ ಹಂಚುವ, ಗೋಡೆಗೆ ಹೊಡೆದ ಇಪಿಎಬಿಎಕ್ಸ್ ಪೆಟ್ಟಿಗೆಯ ಮುಂದೆ ನಿಂತು ನನ್ನ ಮೊಬೈಲಿನಿಂದ ಅದೇ ನಂಬರಿಗೆ ಹಚ್ಚಿದೆ. ಮೊದಲ ಲೈನಿನ ದೀಪ ಹತ್ತಿತು. ಬೆನ್ನಿಗೇ ಮೂರನೆಯದೂ ಹತ್ತಿತು. ಆಫೀಸಿನಲ್ಲಿ ಒಂದು ಫೋನೂ ಬಡಿದುಕೊಳ್ಳಲಿಲ್ಲ, ನನ್ನ ಕಿವಿಯಲ್ಲಿ ಮಾತ್ರ ಯಾರೋ "ಹಲೋ, ಹೇಳ್ರಿ" ಅಂದರು.

ಕರೆ ಒಂದು, ದೀಪ ಎರಡು ಅಂದರೆ ಒಳಗೆ ಬಂದದ್ದನ್ನು ಯಂತ್ರ ಇನ್ನೊಂದು ಲೈನಿನಿಂದ ಹೊರಗೆ ದಾಟಿಸುತ್ತಿದೆ. ಕೆಲಸ ಬಿಟ್ಟ ಗುಮಾಸ್ತ ಭಾನುವಾರದ ಕರೆ ತಪ್ಪಬಾರದೆಂದು ತನ್ನ ಮೊಬೈಲಿಗೆ ಫಾರ್ವರ್ಡ್ ಹಾಕಿಕೊಂಡಿದ್ದ, ತೆಗೆಯುವುದು ಯಾರಿಗೂ ನೆನಪಾಗಿರಲಿಲ್ಲ. ಪಾಪ, ಅವನೇ ರೋಸಿಹೋಗಿದ್ದ: "ನಾ ಬಿಟ್ಟೀನ್ರಿ ಅಂತ ಮಂದಿಗೆ ಹೇಳಿ ಹೇಳಿ ಸಾಕಾಗೇದ ಸರ." ಮತ್ತೆ ಮಾಲೀಕರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದ್ದಕ್ಕೆ ಬಾಕಿ ಪಗಾರದ ಮಾತು ತೆಗೆದ. ನಾನು ಮುಂದೆ ಕೆದಕಲಿಲ್ಲ.

ನಮ್ಮ ಕಡೆ ಯಾರಾದರೂ ಕೆಲಸ ಬಿಟ್ಟರೆ ಕೀಲಿಕೈ, ಬಿಲ್ ಬುಕ್ಕು, ಗಾಡಿ ಎಲ್ಲ ಲೆಕ್ಕ ಹಾಕಿ ಇಸಿದುಕೊಳ್ಳುತ್ತಾರೆ. ಫೋನಿನಲ್ಲಿ ಅವರು ಏನೇನು ಕಟ್ಟಿಟ್ಟಿದ್ದಾರೆಂದು ಕೇಳುವವರಿಲ್ಲ. ಹೊರಗಡೆಯ ಕರೆಗೆ ಹಾಕಿದ ಲಾಕ್ ಕೋಡ್ ಅವರ ತಲೆಯಲ್ಲೇ ಹೋಗುತ್ತದೆ. ತಂತಿಗಳು ಬಂದು ಸೇರುವ ಕ್ರೋನ್ ಪೆಟ್ಟಿಗೆಯ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿರುತ್ತಾರಲ್ಲ, ಅದನ್ನೊಮ್ಮೆ ನೋಡಿ. ಆಫೀಸಿನ ಒಳಗಿನ ಫೋನ್ ನಂಬರ್ 21ರ ಮುಂದೆ ಒಬ್ಬರ ಹೆಸರು, ಅದನ್ನು ಹೊಡೆದು ಇನ್ನೊಬ್ಬರದು, ಅದರ ಮೇಲೆ ಮತ್ತೊಬ್ಬರದು. ನಾನು ಹೆಸರು ಬರೆಯುವುದನ್ನು ಬಿಟ್ಟು ವರ್ಷಗಳಾದವು. 21 ಅಂದರೆ ಲೆಕ್ಕಪತ್ರ, 22 ಅಂದರೆ ಗೇಟು, ಅಲ್ಲಿ ಯಾರು ಕೂತರೂ ಅಷ್ಟೆ.

ಹೊಸದಾಗಿ ಬಂದವರ ಮೊದಲ ದೂರು ಹೆಚ್ಚಾಗಿ "ಮೊಬೈಲಿಗೆ ಕಾಲ್ ಹೋಗವಲ್ತು" ಅನ್ನುವುದು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಬೇಕು. ಹೊರಗಿನ ಲೈನ್ ಹಿಡಿಯಲು ಸೊನ್ನೆ ಒತ್ತುವ ಆಫೀಸುಗಳಲ್ಲಿ ಅದು ಎರಡು ಸೊನ್ನೆಯಾಯಿತು. ಹಳಬರ ಬೆರಳಿಗೆ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಇದಕ್ಕೆ ನಾನು ಪೈಸೆ ತೆಗೆದುಕೊಳ್ಳುವುದಿಲ್ಲ, ಪೆಟ್ರೋಲು ಮಾತ್ರ ನನ್ನದೇ.

ಬೋರ್ಡಿನ ಮೇಲೆ ಬರೆಸಿದ ಮೊಬೈಲ್ ನಂಬರಿನ ಕಥೆ ಬೇರೆ. ಸಿಮ್ ನೌಕರನ ಆಧಾರ್ ಮೇಲಿದ್ದರೆ ನಂಬರ್ ಅವನದೇ, ಜಗಳಾಡಿ ಪ್ರಯೋಜನವಿಲ್ಲ. ಅವನು ಅದನ್ನು ಬಂದ್ ಮಾಡಿಸಿದರೆ 90 ದಿನ ಬಿಟ್ಟು ಕಂಪನಿ ಅದನ್ನು ಇನ್ನಾರಿಗಾದರೂ ಕೊಡಬಹುದು. ಬ್ಯಾಂಕಿನ, ಜಿಎಸ್‌ಟಿಯ ಒಟಿಪಿ ಅದೇ ನಂಬರಿಗೆ ಬರುತ್ತಿದ್ದರೆ ಅವನು ಹೋಗುವ ಮೊದಲೇ, ಎದುರಿಗೆ ಕೂರಿಸಿಕೊಂಡು ಬದಲಿಸಿ.

ಫ್ಯಾಕ್ಸ್ ಉಳಿದಿರುವ ಆಫೀಸು ಕಡಿಮೆ, ಇರುವಲ್ಲಿ ಅದನ್ನು ಮುಟ್ಟುವವರು ಒಬ್ಬರೇ. ಅವರು ಹೋದ ಮೇಲೆ ಯಾರೋ ಧೂಳು ಒರೆಸುವಾಗ ಬಟನ್ ಒತ್ತಿ ಅದು ಫೋನ್ ಮೋಡಿಗೆ ಬಿದ್ದರೆ ಯಂತ್ರ ತಾನಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಬರೀ ರಿಂಗಾಗುತ್ತಿರುತ್ತದೆ. ತಾಮ್ರದ ಲೈನ್ ಹೋಗಿ ಫೈಬರ್ ಬಂದ ಮೇಲೆ ಅರ್ಧ ಪುಟಕ್ಕೇ ಕಡಿದುಹೋಗುವ ಕಾಟ ಬೇರೆ, ವೇಗವನ್ನು ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸ್ಪೀಡ್ ಡಯಲ್‌ನಲ್ಲಿರುವ ಹಳೆಯ ನಂಬರುಗಳನ್ನೂ ಅಳಿಸಿ, ಇಲ್ಲದಿದ್ದರೆ ನಿಮ್ಮ ದರಪಟ್ಟಿ ಇನ್ನೆಲ್ಲಿಗೋ ಹೋದೀತು.

ಗಾಂಧಿ ಚೌಕದ ಹತ್ತಿರದ ಒಂದು ಆಫೀಸಿನ ಯಂತ್ರ ಕಳಿಸುವ ಪ್ರತಿ ಪುಟದ ನೆತ್ತಿಯ ಮೇಲೆ ಇನ್ನೂ ಬಿಜಾಪುರ ಎಂದೇ ಬರುತ್ತದೆ. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಆ ಸಾಲು ಹಾಕಿದ ಹಿರಿಯರು ನಿವೃತ್ತರಾದರು, ಮೆನುವಿನ ಪಾಸ್‌ವರ್ಡೂ ಅವರ ಜೊತೆಗೇ ಮನೆಗೆ ಹೋಯಿತು.