ಮಳೆ ನಿಂತ ಮೇಲೂ ಗುಡ್ಡದ ಹಳ್ಳ ಹರಿಯುವುದು ಹೇಗೆ?

ಪ್ರಶ್ನೆ: ಫೆಬ್ರವರಿಯಲ್ಲಿ ಕುದುರೆಮುಖ ಹತ್ತಲು ಹೋಗಿದ್ದೆವು. ಮಳೆ ನಿಂತು ತಿಂಗಳುಗಳೇ ಆಗಿದ್ದವು. ಆದರೂ ದಾರಿಯುದ್ದಕ್ಕೂ ಸಣ್ಣ ಹಳ್ಳಗಳು ಹರಿಯುತ್ತಲೇ ಇದ್ದವು. ಮೇಲೆ ಕೆರೆಯಿಲ್ಲ, ಹಿಮವಂತೂ ಇಲ್ಲವೇ ಇಲ್ಲ. ಆ ನೀರು ಎಲ್ಲಿಂದ ಬರುತ್ತೆ?

ಉತ್ತರ: ಗುಡ್ಡದ ಹೊಟ್ಟೆಯೊಳಗಿಂದ. ನೀವು ಫೆಬ್ರವರಿಯಲ್ಲಿ ದಾಟಿದ್ದು ಹಿಂದಿನ ಮಳೆಗಾಲದ ನೀರನ್ನು. ಅದು ಆಗಲೇ ಬಿದ್ದಿತ್ತು, ಈಗ ನಿಧಾನವಾಗಿ ಹೊರಗೆ ಬರುತ್ತಿದೆ, ಅಷ್ಟೇ.

ಕುದುರೆಮುಖದ ಸುತ್ತ ವರ್ಷಕ್ಕೆ 5,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಷ್ಟೂ ನೀರು ಬಿದ್ದ ಹಾಗೇ ಕೆಳಗೆ ಓಡಿಬಿಟ್ಟರೆ ದೀಪಾವಳಿ ಹೊತ್ತಿಗೆ ಹಳ್ಳದಲ್ಲಿ ಬರೀ ಕಲ್ಲು ಉಳಿಯಬೇಕಿತ್ತು. ಹಾಗಾಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಹಳ್ಳವನ್ನು ಬಿಟ್ಟು ಅದರ ಮೇಲಿನ ಇಳಿಜಾರು ನೋಡಬೇಕು.

ಅಲ್ಲಿನ ಗುಡ್ಡಗಳ ನೆತ್ತಿ ಮತ್ತು ಬೆನ್ನು ಪೂರ್ತಿ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಕಡು ಹಸಿರು ಕಾಡು ಒತ್ತಾಗಿ ಬೆಳೆದಿರುತ್ತದೆ. ಇದನ್ನೇ ಶೋಲಾ ಕಾಡು ಅನ್ನುವುದು. ಹಳ್ಳ ಹುಟ್ಟುವುದು ಹೆಚ್ಚಾಗಿ ಈ ಮಡಿಕೆಯಲ್ಲೇ. ಒಳಗೆ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ಮೇಲೆ ಗೇಣುದ್ದ ದರಗು, ಅದರ ಕೆಳಗೆ ಕೊಳೆತ ಎಲೆಯ ಕಪ್ಪು ಮಣ್ಣು. ಆ ಮಣ್ಣಿನ ತುಂಬ ಬೇರು, ಎರೆಹುಳ ಮಾಡಿದ ತೂತುಗಳು. ಮಳೆ ಹನಿ ಮರದ ಎಲೆಗೆ ಬಿದ್ದು, ದರಗಿಗೆ ಇಳಿದು, ಈ ತೂತುಗಳಲ್ಲಿ ಒಳಗೆ ಹೋಗುತ್ತದೆ. ಅದರಡಿಯ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಮೇಲ್ಭಾಗ ಸವೆದು, ಬಿರುಕು ಬಿಟ್ಟು ಹೋಗಿದೆ. ನೀರು ಆ ಬಿರುಕುಗಳಲ್ಲಿ ತುಂಬಿಕೊಂಡು ತಿಂಗಳುಗಟ್ಟಲೆ ಜಿನುಗುತ್ತಾ ಕೆಳಗಿಳಿಯುತ್ತದೆ. ಬಂಡೆ ಹೊರಚಾಚಿದ ಕಡೆ ಒಸರಾಗಿ ಹೊರಗೆ ಬರುತ್ತದೆ. ಹತ್ತು ಒಸರು ಸೇರಿದರೆ ಒಂದು ಹಳ್ಳ.

ಹಾಗಾದರೆ ಹುಲ್ಲಿನ ಗುಡ್ಡ ಸುಮ್ನೆ ಬೋಳು ಜಾಗವಾ? ಖಂಡಿತ ಅಲ್ಲ. ಈ ತಪ್ಪು ತಿಳಿವಳಿಕೆಯಿಂದ ಘಟ್ಟಕ್ಕೆ ತುಂಬಾ ನಷ್ಟವಾಗಿದೆ. ‘ಖಾಲಿ ಬಿದ್ದಿದೆ’ ಅಂತ ಇಂಥ ಹುಲ್ಲುಗಾವಲುಗಳಲ್ಲಿ ಅಕೇಶಿಯಾ ನೆಟ್ಟವರಿದ್ದಾರೆ. ಹುಲ್ಲಿನ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೇಗ ಬೆಳೆಯುವ ಮರದಷ್ಟು ನೀರನ್ನೂ ಅದು ಕುಡಿಯುವುದಿಲ್ಲ. ಶರಾವತಿ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಗಳನ್ನು ಗಮನಿಸಿದಾಗ ಕಂಡದ್ದೂ ಇದೇ. ಸುತ್ತಲಿನ ಜಾಗದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಅಲ್ಲಿನದೇ ಗಿಡಮರ ಉಳಿದ ಕಡೆ ಹಳ್ಳ ವರ್ಷಪೂರ್ತಿ ಹರಿಯುತ್ತಿತ್ತು. ನೆಡುತೋಪು ಆದ ಕಡೆ ಬೇಸಿಗೆಗೆ ಮೊದಲೇ ಬತ್ತುತ್ತಿತ್ತು.

ಇನ್ನು ಹಳ್ಳದೊಳಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. ಕುದುರೆಮುಖ ಹತ್ತುವ ಮುಳ್ಳೋಡಿ ದಾರಿಯಲ್ಲಿ ಒಮ್ಮೆ ನೀರಿಗೆ ಕೈ ಹಾಕಿ ಮುಷ್ಟಿಗಾತ್ರದ ಕಲ್ಲೊಂದನ್ನು ಎತ್ತಿ ತಿರುಗಿಸಿದೆ. ಅಡಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ನಾಲ್ಕೈದು ಕೊಳವೆಗಳು ಅಂಟಿಕೊಂಡಿದ್ದವು. ಒಂದು ಜಾತಿಯ ಹುಳು ಮರಳಿನ ಕಾಳುಗಳನ್ನು ಒಂದೊಂದಾಗಿ ಅಂಟಿಸಿ ಕಟ್ಟಿಕೊಂಡ ಮನೆ ಅದು. ತುದಿಯಿಂದ ತಲೆ ಮಾತ್ರ ಹೊರಗೆ ಬಂತು, ಮತ್ತೆ ಒಳಗೆ ಹೋಯಿತು. ಕಲ್ಲನ್ನು ಇದ್ದ ಹಾಗೇ ವಾಪಸ್ ಇಟ್ಟೆ.

ಇಂಥ ಹಳ್ಳಗಳದ್ದೇ ಆದ ಕಪ್ಪೆಯೂ ಇದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆ. ಪ್ರಾಣಿವಿಜ್ಞಾನಿ ಸಿ.ಆರ್. ನಾರಾಯಣ ರಾವ್ ಅವರು 1937ರಲ್ಲಿ ಇದನ್ನು ಮೊದಲು ವಿವರಿಸಿದರು. ನೀರಿನ ಸದ್ದಿನಲ್ಲಿ ಕೂಗು ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ? ಅದಕ್ಕೇ ಗಂಡು ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ಬೀಸುತ್ತದೆ. ಈ ಗುಂಪಿನ ಕಪ್ಪೆಗಳಲ್ಲಿ ಹೆಣ್ಣು ಹಳ್ಳದ ತಳದಲ್ಲೇ ಗುಳಿ ತೋಡಿ, ಮೊಟ್ಟೆಯಿಟ್ಟು, ಮರಳು-ಜಲ್ಲಿ ಮುಚ್ಚುತ್ತದೆ. ಹಳ್ಳ ಬೇಗ ಬತ್ತಿದರೆ ಆ ಮೊಟ್ಟೆಗಳ ಗತಿ ಮುಗಿಯಿತು.

ನೀವು ದಾಟಿದ ಹಳ್ಳಗಳ ನೀರು ಭದ್ರೆಗೆ ಸೇರುತ್ತದೆ. ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ತಲುಪುತ್ತಾಳೆ. ಅದೇ ಗುಡ್ಡಸಾಲಿನ ಪಶ್ಚಿಮದ ಇಳಿಜಾರಿಗೆ ಬಿದ್ದ ಹನಿ ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಕಾಣುತ್ತದೆ.

ಮುಂದಿನ ಸಲ ಹೋದಾಗ ಒಂದು ಕೆಲಸ ಮಾಡಿ. ಹಳ್ಳ ದಾಟುವಾಗ ನೀರಿನ ಬಣ್ಣ ನೋಡಿ, ಆಮೇಲೆ ತಲೆಯೆತ್ತಿ ಮೇಲಿನ ಮಡಿಕೆ ನೋಡಿ. ಮಡಿಕೆಯ ಕಾಡು ಗಟ್ಟಿಯಾಗಿದ್ದರೆ ತಳದ ಪ್ರತಿ ಕಲ್ಲೂ ಎಣಿಸುವಷ್ಟು ನೀರು ತಿಳಿಯಾಗಿರುತ್ತದೆ.